ರೇಸ್ ಬುಕ್ ತಗೊಂಡೆ, ಮೇಲಿನ ಸಾಲು ಓದ್ಲಿಲ್ಲ

ಬೆಂಗ್ಳೂರಲ್ಲಿ ಅಕ್ಕನ ಮನೆಗೆ ಹೋದಾಗ ಭಾವ ರೇಸ್‌ಕೋರ್ಸಿಗೆ ಕರ್ಕೊಂಡು ಹೋದ. ಶಿರಸಿಯವ್ನಾದ ನಂಗೆ ಕುದುರೆ ಅಂದ್ರೆ ಮಾರಿಕಾಂಬಾ ಜಾತ್ರೇಲಿ ಗರಗರ ತಿರುಗೋ ಮರದ ಕುದುರೆ, ಅಷ್ಟೇ ಗೊತ್ತು. ಹೊರಗಡೆ ಒಬ್ಬ ರೇಸ್ ಬುಕ್ ಮಾರ್ತಿದ್ದ, ಒಂದು ಮಸಾಲೆ ದೋಸೆ ದುಡ್ಡು ಕೊಟ್ಟು ತಗೊಂಡೆ. ಈ ರಿವ್ಯೂ ಅದ್ರದ್ದೇ. ಹೆಸ್ರು ಬರೆಯಲ್ಲ, ಯಾಕಂದ್ರೆ ತಪ್ಪು ಅರ್ಧ ನಂದೂ ಇದೆ.

ಬುಕ್ಕಲ್ಲಿ ಮಾಹಿತಿಗೇನೂ ಕಮ್ಮಿ ಇಲ್ಲ, ಅಕ್ಷರ ಮಾತ್ರ ಸಾಸಿವೆ ಕಾಳಿನಷ್ಟು. ಕುದುರೆ ಹೆಸ್ರು, ವಯಸ್ಸು, ಜಾಕಿ, ಜಾಕಿ ಜೀನು ಸೇರಿ ಎಷ್ಟು ಕೆಜಿ ಹೊರ್ತದೆ, ಹಿಂದಿನ ರೇಸಲ್ಲಿ ಎಷ್ಟನೇದಾಗಿ ಬಂತು, ಎಲ್ಲಾ ಉಂಟು. 'ಬಿ ಎಫ್' ಅಂತಿದ್ರೆ ಕಂದು ಬಣ್ಣದ ಹೆಣ್ಣು ಮರಿ, ಕೊನೇಲಿ 'ಜಿ' ಬಂದ್ರೆ ಬೀಜ ಒಡೆದ ಗಂಡು, ಇದನ್ನೂ ಭಾವನೇ ಹೇಳ್ಬೇಕಾಯ್ತು. ನಾನು ಮಾಡಿದ್ದೇನಂದ್ರೆ ಹಿಂದಿನ ಮೂರು ರೇಸಲ್ಲೂ 1, 1, 1 ಅಂತ ಇರೋ ಕುದುರೆ ಹುಡುಕಿ ನೂರು ರೂಪಾಯಿ ಹಾಕ್ದೆ, ಮೇಲಿಂದ ಅದಕ್ಕೆ ಭಾರನೂ ಕಮ್ಮಿ, ಬರೀ 55 ಕೆಜಿ, ಇನ್ನೆಂತ ಬೇಕು ಹೇಳಿ. ಹತ್ತು ಕುದುರೇಲಿ ಏಳನೇದಾಗಿ ಬಂತು.

ಭಾವ ಕವಳ ಹಾಕ್ಕೊಂಡು ನಗ್ತಾ ಪುಟದ ತಲೆಮೇಲಿನ ಸಾಲು ತೋರ್ಸಿದ. "ರೇಟಿಂಗ್ 30ರಿಂದ 50" ಅಂತ ಇತ್ತು. "ತಮಾ, ನಿನ್ ಕುದ್ರೆ ಮೂರ್ ಸಲ ಗೆದ್ದಿದ್ದು 15ರಿಂದ 35ರ ಒಳಗೆ. ಗೋಟಡಿಕೇಲಿ ಚಲೋ ಗೋಟು ಅಂದ್ರೆ ಅದು ರಾಶಿ ಆಗ್ತಾ?"

ಅಲ್ಲಿ ತಲೆಗೆ ಹೋಯ್ತು ನೋಡಿ. ಅಡಿಕೇಲಿ ಗೋಟು ಕೆಳಗಿನ ದರ್ಜೆ, ರಾಶಿ ಮೇಲಿಂದು. ನಮ್ಮ ಶಿರಸಿ ಅಡಿಕೆ ಯಾರ್ಡಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೋಕಾ ಅಂತ ಬೇರೆ ಬೇರೆ ಟೆಂಡರ್ ಆಗೋ ಹಾಗೇ ಇಲ್ಲೂ ಕುದುರೆಗಳನ್ನ ಬೇರೆ ಬೇರೆ ಮಾಡಿ ಓಡಿಸ್ತಾರೆ. ಪ್ರತಿ ಕುದುರೆಗೂ ಒಂದು ರೇಟಿಂಗ್, ಹ್ಯಾಂಡಿಕ್ಯಾಪರ್ ಅಂತ ಒಬ್ರು ಕೊಡ್ತಾರೆ, ಗೆದ್ರೆ ಏರ್ತದೆ, ಸೋಲ್ತಾ ಇದ್ರೆ ಇಳೀತದೆ. ಅಡಿಕೆ ಒಂದ್ಸಲ ಕೋಕಾ ಆದ್ರೆ ಜನ್ಮಪೂರ್ತಿ ಕೋಕಾ, ಕುದುರೆಗೆ ಆ ಕಷ್ಟ ಇಲ್ಲ.

ಇನ್ನು ಭಾರ. ನಮ್ಮಲ್ಲಿ ರೇಟಿಂಗ್ ಒಂದು ಪಾಯಿಂಟಿಗೆ ಅರ್ಧ ಕೆಜಿ ಲೆಕ್ಕ. 50ರ ಕುದುರೆ 60 ಕೆಜಿ ಹೊತ್ರೆ 40ರದ್ದು 55 ಹೊರ್ತದೆ, ಜಾಕಿ ಹಗುರ ಇದ್ರೆ ಜೀನಿಗೆ ಸೀಸದ ತುಂಡು ಸೇರಿಸಿ ಸರಿ ಮಾಡ್ತಾರೆ. ಅಂದ್ರೆ ನನ್ನ ಕುದುರೆಗೆ ಭಾರ ಕಮ್ಮಿ ಇದ್ದಿದ್ದು ಅದೃಷ್ಟ ಅಲ್ಲ, ಆ ಗುಂಪಲ್ಲಿ ಅದಕ್ಕಿಂತ ಮೇಲಿನ ರೇಟಿಂಗಿನವು ಇದ್ವು. ಮಜಾ ಇರೋದು 30ರಿಂದ 35ರ ನಡುವೆ, ಯಾಕಂದ್ರೆ ಆ ಕುದುರೆ ಎರಡೂ ಕಡೆ ಸಲ್ತದೆ. 32 ಇದ್ದದ್ದು ಕೆಳಗಿನ ಗುಂಪಲ್ಲಿ 58.5 ಕೆಜಿ ಹೊತ್ತು ಯಜಮಾನಿಕೆ ಮಾಡ್ಬಹುದು, ಇಲ್ಲಾ ಮೇಲಿನ ಗುಂಪಲ್ಲಿ 51 ಹೊತ್ತು ಹಗುರಾಗಿ ಓಡ್ಬಹುದು, ಯಾವುದು ಬೇಕು ಅಂತ ಟ್ರೇನರ್ ತಲೆ ಓಡಿಸ್ತಾನೆ. ನಾನು ಅರ್ಧ ಗಂಟೆ ಇದೇ ಲೆಕ್ಕ ಹಾಕ್ತಾ ಕೂತೆ, ಅಷ್ಟೊತ್ತಿಗೆ ಒಂದು ರೇಸೇ ಮುಗ್ದೋಯ್ತು.

ಮೇಡನ್ ಅಂತಿದ್ರೆ ಒಂದ್ಸಲನೂ ಗೆಲ್ಲದ ಕುದುರೆಗಳ ರೇಸ್. ಟರ್ಮ್ಸ್ ಅಂತಿದ್ರೆ ಭಾರ ರೇಟಿಂಗ್ ನೋಡಿ ಅಲ್ಲ, ವಯಸ್ಸು, ಗಂಡು ಹೆಣ್ಣು ಇಂಥದ್ದು ನೋಡಿ. ಇದೆಲ್ಲದರ ಮೇಲೆ ಗ್ರೇಡ್ 3, 2, 1. ಇಲ್ಲಿ ನಂಬರ್ ಸಣ್ಣದಾದಷ್ಟೂ ರೇಸ್ ದೊಡ್ಡದು, ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ, 2400 ಮೀಟರಿಂದು, ಗ್ರೇಡ್ 1. ಮುಂಬೈ ಕಡೆ ಮಾಮೂಲಿ ರೇಸಿಗೂ ಕ್ಲಾಸ್ 1ರಿಂದ 5 ಅಂತ ಹೆಸ್ರು. ಬ್ರಿಟನ್ನಲ್ಲಿ ಬೇಲಿ ಹಾರೋದಿಲ್ಲದ ರೇಸಿಗೆ 1ರಿಂದ 7, ಆದ್ರೆ ಅಲ್ಲಿ ಗ್ರೇಡಿಗೆ ಗ್ರೂಪ್ ಅಂತಾರೆ, ಅದೂ ಕ್ಲಾಸ್ 1ರ ಒಳಗೇ ಬರ್ತದೆ. ಹಾಗಾಗಿ ಎರಡೂ ಊರಿನ ಕ್ಲಾಸ್ 2 ಒಂದೇ ಅಂದ್ಕೋಬೇಡಿ.

ಇಷ್ಟು ವಿಷ್ಯನ ಬುಕ್ಕಿನವ್ರು ಒಂದು ಪುಟದಲ್ಲಿ ಹಾಕ್ಬಹುದಿತ್ತಲ್ಲ ಮಾರಾಯ್ರೆ! ಹಿಂದಿನ ರಟ್ಟು ಪೂರ್ತಿ ಜಾಹೀರಾತು, ಟಿಪ್ಸಿಗೆ ಎರಡು ಪುಟ, ಅದ್ರಲ್ಲಿ ನನ್ನ ಏಳನೇ ಕುದುರೇನೂ ಒಂದು. ಗೊತ್ತಿದ್ದವ್ರಿಗೆ ಐದಕ್ಕೆ ನಾಲ್ಕು ಕೊಡ್ಬಹುದಾದ ಬುಕ್ಕು, ಹೊಸಬರಿಗೆ ಎರಡು. ತಗೊಳ್ಳೋರು ಪೆನ್ನು ಇಟ್ಕೊಳ್ಳಿ, ಪ್ರತಿ ಕುದುರೆ ಹಿಂದೆ ಗೆದ್ದಿದ್ದು ಯಾವ ರೇಟಿಂಗ್ ಗುಂಪಲ್ಲಿ ಅಂತ ಪಕ್ಕದಲ್ಲಿ ಬರ್ಕೊಳ್ಳಿ. ನಾನು ಆಮೇಲಿನ ಮೂರು ರೇಸಿಗೆ ದುಡ್ಡು ಹಾಕದೇ ಬರೀ ಹಾಗೆ ಬರ್ಕೊಂಡು ನೋಡ್ದೆ, ಎರಡು ಸರಿ ಬಂತು. ಭಾವ ಹಾಕಿದ್ದ, ಅವಂಗೆ ಮೂರೂ ಹೋಯ್ತು.