ಹಳೇ ಸಿನಿಮಾ ಹಾಕುವ ಮೊದಲು ಸೆರಗು ಯಾವ ಹೆಗಲ ಮೇಲಿದೆ ನೋಡಿ

ಮನೆಯಲ್ಲಿ ವಯಸ್ಸಾದವರಿಗೆ ಹಳೇ ಕನ್ನಡ ಸಿನಿಮಾ ತೋರಿಸಬೇಕು ಅಂತ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಹೋದ ಯುಗಾದಿಗೆ ನಾನು ಆ ಆಸೆ ಪಟ್ಟು ಎರಡು ನಷ್ಟ ಮಾಡಿಕೊಂಡೆ. ದುಡ್ಡು ಹೋದದ್ದು ಎರಡನೆಯದು. ಮೊದಲನೆಯದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಈಗ ಎಪ್ಪತ್ತೆರಡು. 'ಗೆಜ್ಜೆ ಪೂಜೆ' ಪುಟ್ಟಣ್ಣ ಕಣಗಾಲ್ ನಿರ್ದೇಶನದ 1969ರ ಸಿನಿಮಾ, ಕಲ್ಪನಾ ನಾಯಕಿ. ಅರಸೀಕೆರೆ ಕಡೆಯ ಅವರ ಊರಿನ ಟೆಂಟಿಗೆ ಅದು ಬಂದಾಗ ಅಮ್ಮನಿಗೆ ಹದಿನಾರೋ ಹದಿನೇಳೋ. ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮನ ಜೊತೆ ಹೋಗಿದ್ದರಂತೆ. ಟೆಂಟಿನ ಮೈಕಿನಲ್ಲಿ 'ನಮೋ ವೆಂಕಟೇಶ' ಹಾಡು ಶುರುವಾದರೆ ಆಟ ಶುರುವಾಗುತ್ತೆ ಅಂತ ಅರ್ಥ. ಇಬ್ಬರೂ ಒಲೆ ಮೇಲಿನ ಸಾರು ಇಳಿಸಿ ಓಡಿದ್ದರು. ಮರಳಿನ ಮೇಲೆ ಕೂತು, ಅತ್ತು, ಮರುದಿನ ಮತ್ತೆ ಹೋಗಿದ್ದರು. ಈ ಕತೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ. ಅದರಲ್ಲಿ ಬರುವ 'ಗಗನವು ಎಲ್ಲೋ' ಹಾಡನ್ನು ಅಮ್ಮ ಪಾತ್ರೆ ತೊಳೆಯುವಾಗಲೂ ಹಾಡುತ್ತಾರೆ. ಆದರೆ ಆಮೇಲೆ ಆ ಸಿನಿಮಾವನ್ನು ಅವರು ಪೂರ್ತಿ ನೋಡಿರಲೇ ಇಲ್ಲ.

ಯುಗಾದಿಗೆ ಸ್ವಲ್ಪ ಮೊದಲು ಮನೆಗೆ 55 ಇಂಚಿನ ಟಿವಿ ತಂದಿದ್ದೆವು. ಹಬ್ಬದ ಊಟ ಮುಗಿಸಿ ಎಲ್ಲರನ್ನೂ ಕೂರಿಸಿದೆ. ಯೂಟ್ಯೂಬಿನಲ್ಲಿ ಹುಡುಕಿದರೆ 'ಫುಲ್ ಮೂವಿ ಎಚ್‌ಡಿ' ಅಂತ ಒಂದು ಸಿಕ್ಕಿತು. ಯಾರು ಹಾಕಿದ್ದಾರೆ, ಎಷ್ಟು ಹೊತ್ತಿದೆ, ಏನೂ ನೋಡಲಿಲ್ಲ. ಸುಮ್ನೆ ಒತ್ತಿದೆ.

ಟೈಟಲ್ಲೇ ಬರಲಿಲ್ಲ. ನೇರ ಕತೆ. ಆಗಲೇ ನಿಲ್ಲಿಸಬೇಕಿತ್ತು.

ಹತ್ತು ನಿಮಿಷಕ್ಕೆ ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಇದೇನೇ ಇದು, ಎಲ್ಲರೂ ಸೆರಗು ಬಲಗಡೆ ಹಾಕ್ಕೊಂಡಿದಾರೆ?" ಅಂದರು. ನಾನು ಗಮನಿಸಿಯೇ ಇರಲಿಲ್ಲ. ಆಮೇಲೆ ನೋಡುತ್ತೇನೆ, ಕುಂಕುಮ ಇಡುವುದು ಎಡಗೈಯಲ್ಲಿ. ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಎಡಗೈಯಲ್ಲಿ. ಇಡೀ ಸಿನಿಮಾವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಹಾಕಿದ್ದರು. ಟೈಟಲ್ ಕತ್ತರಿಸಿದ್ದೂ ಅದಕ್ಕೇ. ಇಟ್ಟಿದ್ದರೆ ಅಕ್ಷರ ತಿರುಗುಮುರುಗಾಗಿ ಕಾಣುತ್ತಿತ್ತಲ್ವಾ?

ಆಮೇಲೆ ಧ್ವನಿ. "ಇದು ಕಲ್ಪನಾ ಧ್ವನಿ ಅಲ್ಲ ಕಣೇ. ಚಿಕ್ಕ ಹುಡುಗಿ ಥರ ಕೇಳ್ತಿದೆ" ಅಂದರು ಅಮ್ಮ. ನಿಜ, ವಿಡಿಯೋದ ಓಟದ ವೇಗ ಜಾಸ್ತಿ ಮಾಡಿದ್ದರು. ಪುಟ್ಟಣ್ಣ ಕಣಗಾಲ್ ಸಿನಿಮಾದಲ್ಲಿ ಮುಖವೇ ಅರ್ಧ ಕತೆ. ಕಲ್ಪನಾ ಕಣ್ಣು ನೋಡುತ್ತಾ ಕೂರಬೇಕು. ಇಲ್ಲಿ ಮುಖ ಹತ್ತಿರ ಬಂದಾಗಲೆಲ್ಲ ಹಣೆ ಮೇಲಕ್ಕೆ ಹೋಗಿ ಮಾಯ, ಗಲ್ಲ ಕೆಳಕ್ಕೆ ಹೋಗಿ ಮಾಯ. ಉಳಿದ ಜಾಗದಲ್ಲಿ ಚಾನೆಲ್ಲಿನವರ ಗುರುತು ಕೆನ್ನೆ ಮೇಲೆ ಕೂತಿತ್ತು.

ಹಾಡಿನ ಹೊತ್ತು ಬಂತು. ಅಮ್ಮ ಸೋಫಾದಲ್ಲಿ ಮುಂದಕ್ಕೆ ಜರುಗಿ ಕೂತರು. ಎರಡೂ ಕೈ ಮಡಿಲಲ್ಲಿ ಜೋಡಿಸಿ, ತುಟಿ ಸ್ವಲ್ಪ ತೆರೆದು, ಅವರೇ ಹಾಡು ಎತ್ತಿಕೊಳ್ಳುವ ಹಾಗೆ. ಪರದೆ ಒಂದು ಸಲ ಕುಪ್ಪಳಿಸಿತು. ಹಾಡು ಇಲ್ಲ. ಮುಂದಿನ ದೃಶ್ಯ. ಅಮ್ಮ ಹಾಗೇ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ, "ನಾನು ನೋಡಿದ್ದು ಇದಲ್ಲ ಬಿಡು. ನಂಗೇ ಮರೆತು ಹೋಗಿರಬೇಕು" ಅಂತ ಎದ್ದು ಒಳಗೆ ಹೋದರು.

ಆ ಮಾತೇ ನನ್ನನ್ನು ಇಷ್ಟು ಬರೆಸುತ್ತಿರುವುದು. ಐವತ್ತೈದು ವರ್ಷ ಜೋಪಾನ ಮಾಡಿದ ನೆನಪನ್ನು ನನ್ನ ಒಂದು ಬೇಜವಾಬ್ದಾರಿಯಿಂದ ಅವರು ಅನುಮಾನಿಸುವ ಹಾಗಾಯಿತು.

ಹೀಗೆ ಯಾಕೆ ಮಾಡುತ್ತಾರೆ ಅಂತ ಆಮೇಲೆ ವಿಡಿಯೋ ಎಡಿಟಿಂಗ್ ಮಾಡುವ ನೆಂಟರೊಬ್ಬರು ಬಿಡಿಸಿ ಹೇಳಿದರು. ಹಕ್ಕಿಲ್ಲದವರು ಸಿನಿಮಾ ಹಾಕಿದರೆ ಯೂಟ್ಯೂಬಿನ ಯಂತ್ರವೇ ಚಿತ್ರ ಮತ್ತು ಸದ್ದು ಹೋಲಿಸಿ ಹಿಡಿಯುತ್ತದೆ. ತಪ್ಪಿಸಿಕೊಳ್ಳಲು ಎಡಬಲ ತಿರುಗಿಸುತ್ತಾರೆ, ಓಟ ಹೆಚ್ಚಿಸುತ್ತಾರೆ, ಸುತ್ತ ಚೌಕಟ್ಟು ಹಾಕುತ್ತಾರೆ. ಹಾಡಿನ ಹಕ್ಕು ಹೆಚ್ಚಾಗಿ ಬೇರೆ ಆಡಿಯೋ ಕಂಪನಿಯ ಹತ್ತಿರ ಇರುತ್ತದೆ. ಹಾಗಾಗಿ ಮೊದಲು ಕತ್ತರಿ ಬೀಳುವುದು ಹಾಡಿಗೆ. ನಮ್ಮ ಹಳೇ ಸಿನಿಮಾಗಳಲ್ಲಿ ಹಾಡು ತೆಗೆದರೆ ಏನು ಉಳಿಯುತ್ತದೆ ಹೇಳಿ?

ಮುಖ ಕತ್ತರಿಸಿದ್ದಕ್ಕೆ ಕಾರಣ ಬೇರೆ. ಆಗಿನ ಕಪ್ಪು ಬಿಳುಪು ಸಿನಿಮಾಗಳ ಚೌಕಟ್ಟು ಹೆಚ್ಚುಕಮ್ಮಿ ಹಳೇ ಡಬ್ಬಾ ಟಿವಿಯ ಆಕಾರದ್ದು. ಎತ್ತರ ಒಂದು ಅಂದರೆ ಅಗಲ 1.37. ಈಗಿನ ಟಿವಿಯಲ್ಲಿ ಅಗಲ 1.78. ಸರಿಯಾಗಿ ತೋರಿಸಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರಬೇಕು. ಜನಕ್ಕೆ ಆ ಪಟ್ಟಿ ಕಂಡರೆ ಆಗುವುದಿಲ್ಲ ಅಂತ ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸುತ್ತಾರೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಕಾಲು ಭಾಗ ಚಿತ್ರ ಹೋಯಿತು. ಸಿನಿಮಾಸ್ಕೋಪಿನಲ್ಲಿ ತೆಗೆದದ್ದಾದರೆ ಅಗಲ 2.35. ಅದನ್ನು ಟಿವಿ ತುಂಬುವ ಹಾಗೆ ಮಾಡಿದರೆ ಪಕ್ಕದಿಂದ ಕಾಲು ಭಾಗ ಹೋಗುತ್ತದೆ. ಮಾತಾಡುವವರಲ್ಲಿ ಒಬ್ಬರು ಪರದೆಯ ಆಚೆ. ಕಪ್ಪು ಪಟ್ಟಿ ಕಂಡರೆ ಖುಷಿ ಪಡಿ, ಅದು ಬಹಳ ಸಲ ಒಳ್ಳೇ ಲಕ್ಷಣ.

ಇನ್ನು ದುಡ್ಡಿನ ವಿಷಯ. ಅಮ್ಮ ಒಳಗೆ ಹೋದ ಮೇಲೆ ನನಗೆ ಹಠ ಬಂತು. ಇವತ್ತೇ ಒಳ್ಳೇ ಪ್ರತಿ ಹುಡುಕಿ ತೋರಿಸಬೇಕು ಅಂತ. ಟೆಲಿಗ್ರಾಂ ಗುಂಪೊಂದರಲ್ಲಿ 'ಹಳೇ ಕನ್ನಡ ಚಿತ್ರಗಳು, ಒರಿಜಿನಲ್ ಪ್ರಿಂಟ್, ಎಲ್ಲ ಹಾಡು ಸಹಿತ' ಅಂತ ಪಟ್ಟಿಯೇ ಇತ್ತು. ಪಟ್ಟಿಯಲ್ಲಿ 1934ರ 'ಸತಿ ಸುಲೋಚನ' ಕೂಡ ಇತ್ತು. ಕನ್ನಡದ ಮೊದಲ ಟಾಕಿ ಅದು. ಅದರ ಒಂದು ಪ್ರತಿಯೂ ಉಳಿದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿಗೆ ತಲೆಗೆ ಹೋಗಲಿಲ್ಲ. ಇಲ್ಲದ ಸಿನಿಮಾ ಇದೆ ಅನ್ನುವವರು ಇನ್ನೇನು ಕೊಟ್ಟಾರು?

ನೋಡಲು ಅವರದೇ ಆ್ಯಪ್ ಹಾಕಿಕೊಳ್ಳಬೇಕು ಅಂದರು. ಅದು ಪ್ಲೇಸ್ಟೋರಿನದಲ್ಲ, ಗುಂಪಿನಲ್ಲೇ ಕಳಿಸಿದ ಎಪಿಕೆ ಫೈಲು. ಫೋನ್ ಎಚ್ಚರಿಕೆ ತೋರಿಸಿತು, ದಾಟಿ ಹೋದೆ. ಆ್ಯಪ್ ಮೊದಲು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ತಿಂಗಳಿಗೆ 49 ರೂಪಾಯಿ ಅಂತ ಕಾರ್ಡ್ ನಂಬರ್ ಕೇಳಿತು, ಹಿಂದಿನ ಮೂರಂಕಿ ಸಮೇತ ತುಂಬಿದೆ. ಸಿನಿಮಾ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಆ್ಯಪಿನ ಚಿಹ್ನೆಯೂ ಫೋನಿನಿಂದ ಕಾಣೆಯಾಯಿತು. ರಾತ್ರಿ ಹತ್ತರ ಹೊತ್ತಿಗೆ ಮೂರು ಕಂತಿನಲ್ಲಿ 38,500 ರೂಪಾಯಿ ಹೋಗಿತ್ತು. ನಾನು ಯಾರಿಗೂ ಓಟಿಪಿ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟ ಮೇಲೆ ಓಟಿಪಿ ಅವರಿಗೆ ತಾನಾಗಿಯೇ ಹೋಗುತ್ತದೆ.

ಅಕ್ಕನ ಮಗ ಪಕ್ಕದಲ್ಲೇ ಇದ್ದ. "ಚಿಕ್ಕಮ್ಮ, ಮೊದಲು ಡಾಟಾ ಆಫ್ ಮಾಡಿ, 1930ಕ್ಕೆ ಫೋನ್ ಮಾಡಿ" ಅಂದ. ಅವನ ಫೋನಿನಿಂದಲೇ ಮಾಡಿದೆ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ದೂರು ಕೊಟ್ಟೆ. ಬೇಗ ಹೇಳಿದ್ದಕ್ಕೆ 12,000 ರೂಪಾಯಿ ದಾರಿಯಲ್ಲೇ ತಡೆ ಹಿಡಿದರು. ಉಳಿದದ್ದು ಬಂದಿಲ್ಲ. ಬೆಳಗ್ಗೆ ನೋಡೋಣ ಅಂತ ಮಲಗಿದ್ದರೆ ಆ ಹನ್ನೆರಡು ಸಾವಿರವೂ ಸಿಗುತ್ತಿರಲಿಲ್ಲ. ಹೀಗಾದವರು ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಅದೇ ಅಕ್ಕನ ಮಗನ ಜೊತೆ ನನಗೆ ಇನ್ನೊಂದು ಜಗಳ ಇದೆ, ಹೊಸ ಸಿನಿಮಾದ್ದು. 2025ರ ಜುಲೈನಲ್ಲಿ 'ಸು ಫ್ರಂ ಸೋ' ಬಂದಾಗ ಅವನು ಯಾರೋ ಥಿಯೇಟರಿನಲ್ಲಿ ಕದ್ದು ಹಿಡಿದ ಕ್ಯಾಮೆರಾ ಪ್ರಿಂಟನ್ನು ಫೋನಿನಲ್ಲಿ ನೋಡಿ, "ಏನೂ ನಗು ಬರಲ್ಲ" ಅಂತ ತೀರ್ಪು ಕೊಟ್ಟಿದ್ದ. ನಾನು ಥಿಯೇಟರಿನಲ್ಲಿ ನೋಡಿದ್ದೆ. ಕರಾವಳಿಯ ಊರು, ಅಲ್ಲಿಯ ಕನ್ನಡ, ಒಬ್ಬರ ಮಾತಿನ ಬಾಲಕ್ಕೆ ಇನ್ನೊಬ್ಬರು ಗಂಟು ಹಾಕುವ ರೀತಿ. ಆ ಮಾತೇ ಸರಿಯಾಗಿ ಕೇಳದಿದ್ದರೆ ನಗು ಎಲ್ಲಿಂದ ಬರಬೇಕು? ನನಗೆ ಕೊನೆಯ ಭಾಗ ಹಿಡಿಸಿದ್ದು ನಗುವಿಗಲ್ಲ, ಒಂದು ಹೆಣ್ಣಿನ ಕಷ್ಟವನ್ನು ಆ ಊರು ನೋಡುವ ರೀತಿಗೆ. ಅಷ್ಟು ಹೊತ್ತು ಅವನು ನೋಡಿರಲೇ ಇಲ್ಲ. ಹಾಗೆ ಥಿಯೇಟರಿನಲ್ಲಿ ಕದ್ದು ಹಿಡಿದರೆ 2023ರ ತಿದ್ದುಪಡಿ ಕಾನೂನಿನಲ್ಲಿ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕಡಿಮೆ ಅಂದರೂ ಮೂರು ಲಕ್ಷ ದಂಡ.

ಅವನನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ನಾನೂ ಎಷ್ಟೋ ವರ್ಷ 'ಘಟಶ್ರಾದ್ಧ' ನಿಧಾನ, ಮಸುಕು, ಏನೂ ತಿಳಿಯುವುದಿಲ್ಲ ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದವಳು. ನಾನು ನೋಡಿದ್ದು ಪ್ರತಿಯ ಪ್ರತಿಯ ಪ್ರತಿ. ಕತ್ತಲ ದೃಶ್ಯಗಳಲ್ಲಿ ಪರದೆ ಪೂರ್ತಿ ಕಪ್ಪು. ಗಿರೀಶ್ ಕಾಸರವಳ್ಳಿಯವರ ಆ 1977ರ ಸಿನಿಮಾವನ್ನು ಮೂಲ ನೆಗೆಟಿವ್‌ನಿಂದ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಕೆಲವು ಚಿತ್ರಗಳನ್ನು ನೋಡಿದಾಗ, ನಾನು ಸಿನಿಮಾವನ್ನೇ ನೋಡದೆ ಅದರ ಬಗ್ಗೆ ಮಾತಾಡಿದ್ದೆ ಅಂತ ಗೊತ್ತಾಯಿತು. ಅದಕ್ಕೇ ಈಗ ಯಾರಾದರೂ ಹಳೇ ಸಿನಿಮಾ ಬೋರು ಅಂದರೆ ನಾನು ಮೊದಲು ಕೇಳುವುದು, ಯಾವ ಪ್ರತಿ ನೋಡಿದಿರಿ ಅಂತ.

ಈಗ ನಾನು ಸಿನಿಮಾ ಹಾಕುವ ಹಿಂದಿನ ದಿನವೇ ಒಬ್ಬಳೇ ಕೂತು ಐದು ನಿಮಿಷ ನೋಡುತ್ತೇನೆ. ಟೈಟಲ್ ಇದೆಯಾ, ಹೆಸರುಗಳ ಅಂಚು ಕತ್ತರಿಸಿದೆಯಾ. ಸೆರಗು ಎಡ ಹೆಗಲ ಮೇಲಿದೆಯಾ, ಊಟ ಬಲಗೈಯಲ್ಲಾ. ಮೊದಲಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟ್ ಇದ್ದರೆ ಅಲ್ಲೇ ನಿಲ್ಲಿಸಿ ಓದುತ್ತೇನೆ. ಅದರಲ್ಲಿ ಫಿಲ್ಮಿನ ಉದ್ದ ಮೀಟರಿನಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 4,000 ಮೀಟರ್ ಅಂದರೆ ಹತ್ತಿರ ಹತ್ತಿರ 146 ನಿಮಿಷ. ವಿಡಿಯೋ 118 ನಿಮಿಷ ಅಂತ ತೋರಿಸಿದರೆ ಅರ್ಧ ಗಂಟೆ ಯಾರೋ ನುಂಗಿದ್ದಾರೆ. ಐದಾರು ನಿಮಿಷ ಕಡಿಮೆ ಇದ್ದರೆ ಗಾಬರಿ ಬೇಡ. ಹಳೇ ಡಿಸ್ಕ್‌ಗಳಲ್ಲಿ ಸೆಕೆಂಡಿಗೆ 24ರ ಬದಲು 25 ಚಿತ್ರ ಓಡಿಸುವುದರಿಂದ ಅಷ್ಟು ವ್ಯತ್ಯಾಸ ಬರುತ್ತದೆ. ನಿಮ್ಮ ಟಿವಿಯಲ್ಲೇ ಚಿತ್ರ ಹಿಗ್ಗಿಸುವ ಸೆಟ್ಟಿಂಗ್ ಇರಬಹುದು, ಅದನ್ನೂ ನೋಡಿ. ಹಾಕಿದವರು ಸಿನಿಮಾ ಸಂಸ್ಥೆಯವರಾ ಅಥವಾ ಹಕ್ಕು ಕೊಂಡ ಕಂಪನಿಯವರಾ ಅಂತ ಚಾನೆಲ್ ವಿವರದಲ್ಲಿ ಗೊತ್ತಾಗುತ್ತದೆ. ಚಂದನದಲ್ಲಿ ಹಳೇ ಸಿನಿಮಾ ಬರುತ್ತಿರುತ್ತವೆ. ಬೆಂಗಳೂರಿನವರಿಗೆ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ.

ಅಮ್ಮನಿಗೆ ಕೊನೆಗೂ ಸಿನಿಮಾ ಸಿಕ್ಕಿದ್ದು ತಿಪಟೂರಿನ ದೊಡ್ಡಮ್ಮನ ಮನೆಯಲ್ಲಿ. ಅವರ ಮಗ ಎಂದೋ ಮೆಜೆಸ್ಟಿಕ್ಕಿನಲ್ಲಿ ಕೊಂಡಿದ್ದ ವಿಸಿಡಿ ಟ್ರಂಕಿನಲ್ಲಿ ಬಿದ್ದಿತ್ತು. ಅವರ ಪ್ಲೇಯರ್ ಕೆಟ್ಟು ಎಷ್ಟೋ ಕಾಲ ಆಗಿದ್ದರಿಂದ ಯಾರೂ ನೋಡಿರಲಿಲ್ಲ. ಅದನ್ನು ನಮ್ಮ ಮನೆಗೆ ತರಿಸಿಕೊಂಡು, ರಿಪೇರಿ ಅಂಗಡಿಯವರ ಹತ್ತಿರ 900 ರೂಪಾಯಿಗೆ ಹಳೇ ಪ್ಲೇಯರ್ ತಂದೆ. ಚಿತ್ರ ಮಂಜು ಮಂಜು, ಎರಡು ಪಕ್ಕ ಕಪ್ಪು ಪಟ್ಟಿ. ಆದರೆ ಹಣೆಯಿಂದ ಗಲ್ಲದವರೆಗೆ ಪೂರ್ತಿ ಮುಖ. ಸೆರಗು ಎಡಗಡೆ. ಟೈಟಲ್ ಶುರುವಾಗುತ್ತಲೇ ಅಮ್ಮ, "ಹೂಂ, ಇದು" ಅಂದರು.

ಹಾಡು ಬಂತು. ಜಾನಕಿಯಮ್ಮನ ಜೊತೆ ಅಮ್ಮನೂ ಹಾಡಿದರು, ಒಂದು ಪದ ತಪ್ಪದೆ. ಸಿನಿಮಾ ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಗ ನಾವಿಬ್ರೂ ಕಲ್ಪನಾ ಮಾಡಿದ ಚಂದ್ರಂಗೆ ಅಂತ ಅತ್ತಿದ್ವಿ. ಈಗ ಅವಳ ಅಮ್ಮ ಲೀಲಾವತಿನ ನೋಡಿದ್ರೆ ಜಾಸ್ತಿ ಸಂಕಟ ಆಗುತ್ತೆ ಕಣೇ" ಅಂದರು. ಕೂತಲ್ಲಿಂದಲೇ ತಿಪಟೂರಿನ ದೊಡ್ಡಮ್ಮನಿಗೆ ಫೋನ್. "ಅಕ್ಕಾ, ಎಲ್ಲಾ ಇದೆ. ಹಾಡೂ ಇದೆ. ನಂಗೇನೂ ಮರೆತಿರಲಿಲ್ಲ."

ಪ್ಲೇಯರನ್ನೂ ಎರಡು ಡಿಸ್ಕನ್ನೂ ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಬರುವ ಭಾನುವಾರ ಅಮ್ಮನನ್ನು ಕರೆದುಕೊಂಡು ತಿಪಟೂರಿಗೆ ಹೊರಟಿದ್ದೇನೆ.