ಹೈಡ್ರೇಂಜಿಯಾ ಬಾಡಿತೆಂದು ಎಸೆಯಬೇಡಿ

ಮನೆಯ ಶುಭಕಾರ್ಯಕ್ಕೆ ಹೈಡ್ರೇಂಜಿಯಾ ಎಂಬ ಗೊಂಚಲು ಹೂವನ್ನು ತರಿಸುವ ಯೋಚನೆ ಇರುವವರು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ. ಊಟಿಗೆ ಹೋದಾಗ ಕಂಡಿದ್ದ ಆ ನೀಲಿ ಗೊಂಚಲುಗಳೇ ಬೇಕೆಂದು ಅವಳ ಆಸೆ. ಹನ್ನೆರಡು ಕಡ್ಡಿ ತಂದೆ. ಹೇಗೆ ಇಡಬೇಕೆಂದು ಕೇಳಿದಾಗ ಅಂಗಡಿಯವರು, "ನೀರಿನಲ್ಲಿ ಇಟ್ಟರೆ ಸಾಕು ಮೇಡಂ, ವಾರವಾದರೂ ಏನೂ ಆಗುವುದಿಲ್ಲ" ಎಂದರು. ನಂಬಿದೆ. ಬೆಳಿಗ್ಗೆ ಏಳಕ್ಕೆ ಹಿತ್ತಾಳೆಯ ಬಿಂದಿಗೆಗೆ ನೀರು ತುಂಬಿ, ಹೂವನ್ನು ಜೋಡಿಸಿ, ನಡುಮನೆಯ ಫ್ಯಾನಿನ ಕೆಳಗೇ ಇಟ್ಟೆ. ಹತ್ತೂವರೆಗೆ ಗಂಡಿನ ಕಡೆಯವರು ಬರುವ ಹೊತ್ತಿಗೆ ಒಂಬತ್ತು ಗೊಂಚಲು ಕತ್ತು ಬಗ್ಗಿಸಿದ್ದವು. ಎಸಳು ಮುಟ್ಟಿದರೆ ನೆನೆದ ಕಾಗದದಂತೆ ಮೆತ್ತಗೆ. ಬಿಂದಿಗೆಯಲ್ಲಿ ನೀರು ಕಂಠದವರೆಗೆ ಹಾಗೇ ಇತ್ತು. ತಂಗಿಯ ಮುಖ ನೋಡಲಾಗದೆ ಎಲ್ಲವನ್ನೂ ಹಸಿಕಸದ ಬುಟ್ಟಿಗೆ ಹಾಕಿದೆ.

ಸಂಜೆ ಪಕ್ಕದ ಮನೆಯ ಅಕ್ಕ ಬಂದರು. ಮಡಿಕೇರಿಯಲ್ಲಿ ಬೆಳೆದವರು, ಈ ಗಿಡದ ಒಡನಾಟ ಇದ್ದವರು. ಬುಟ್ಟಿಯಿಂದ ಒಂದು ಕಡ್ಡಿ ಎತ್ತಿಕೊಂಡು, ಕತ್ತರಿಸಿದ ತುದಿಯನ್ನು ಉಗುರಿನಿಂದ ಕೆರೆದು ತೋರಿಸಿದರು. ಲೋಳೆಯಂತಹ ಅಂಟು. "ಇವು ಸತ್ತಿರಲಿಲ್ಲಮ್ಮ, ಬಾಯಾರಿದ್ದವು" ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಕತ್ತರಿಸಿದ ಜಾಗದಲ್ಲಿ ಒಸರುವ ಆ ಅಂಟು ನೀರಿನ ದಾರಿಯನ್ನೇ ಮುಚ್ಚುತ್ತದೆ. ಮೇಲಿನ ಅಗಲವಾದ ಗೊಂಚಲಿನಿಂದ ನೀರು ಆರುತ್ತಲೇ ಇರುತ್ತದೆ, ಫ್ಯಾನಿನ ಗಾಳಿಗೆ ಇನ್ನೂ ಬೇಗ. ಹಾಗಾಗಿ ಕಡ್ಡಿಯ ತುದಿಯನ್ನು ಓರೆಯಾಗಿ ಹೊಸದಾಗಿ ಕತ್ತರಿಸಿ, ತಕ್ಷಣ ಒಂದು ಅಂಗುಲದಷ್ಟನ್ನು ಕುದಿನೀರಿನಲ್ಲಿ ಮೂವತ್ತು ಸೆಕೆಂಡು ಅದ್ದಬೇಕು. ಹಬೆ ಹೂವಿಗೆ ತಾಗದಂತೆ ಕಡ್ಡಿಯನ್ನು ಓರೆಯಾಗಿ ಹಿಡಿಯಿರಿ. ಕುದಿನೀರಿನ ಬದಲು ಗ್ರಂಥಿಗೆ ಅಂಗಡಿಯ ಪಟಿಕದ ಪುಡಿಯನ್ನು ತುದಿಗೆ ಹಚ್ಚಿದರೂ ಆದೀತು. ಕೂಡಲೇ ತಣ್ಣೀರಿಗೆ ಇಳಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತುಬಿಡಿ. ಅವು ಕೊಳೆತು ನೀರನ್ನು ಕೆಡಿಸುತ್ತವೆ. ನೀರನ್ನು ದಿನವೂ ಬದಲಿಸಿ.

ಇಷ್ಟಾದರೂ ಬಾಡಿದರೆ? ಬಕೆಟ್ಟಿನ ತಣ್ಣೀರಿನಲ್ಲಿ ಗೊಂಚಲನ್ನು ತಲೆಕೆಳಗಾಗಿ ಪೂರ್ತಿ ಮುಳುಗಿಸಿ, ಮುಕ್ಕಾಲು ಗಂಟೆ ಬಿಡಿ. ನಾವು ಎಸಳೆನ್ನುವುದು ನಿಜಕ್ಕೂ ಪುಷ್ಪಪತ್ರ, ಅಂದರೆ ಬೇರೆ ಹೂಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಎಲೆಯಂತಹ ಭಾಗ. ಅದು ನೇರವಾಗಿಯೇ ನೀರು ಹೀರಿಕೊಳ್ಳುತ್ತದೆ. ಅಂದು ನನಗೆ ಇದೊಂದು ಗೊತ್ತಿದ್ದಿದ್ದರೆ, ಬಚ್ಚಲುಮನೆಯಲ್ಲಿ ಖಾಲಿ ಬಕೆಟ್ ಇದ್ದೇ ಇತ್ತು.

ಕೊಳ್ಳುವಾಗಲೂ ಬೆರಳಿನಿಂದ ಮುಟ್ಟಿ ನೋಡಿ. ಎಸಳು ತೆಳುವಾಗಿ, ನಡುವಿನ ಪುಟ್ಟ ಮೊಗ್ಗುಗಳು ಬಿಗಿಯಾಗಿದ್ದರೆ ಅದು ಎಳೆಯದು, ಬೇಗ ಬಾಡುತ್ತದೆ. ತುಸು ದಪ್ಪವಾಗಿ ಬಲಿತದ್ದನ್ನೇ ಕೇಳಿ ಪಡೆಯಿರಿ. ಬಣ್ಣಕ್ಕೆ ಮರುಳಾಗಿ ನಾನು ತಂದದ್ದು ಎಳೆಯದನ್ನೇ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಈ ಹೂವು, ಎಲೆ ವಿಷಕಾರಿ. ಪಾಯಸದ ಬಟ್ಟಲಿಗೆ, ಕೇಕಿಗೆ ಅಲಂಕಾರವಾಗಿ ಇಡಬೇಡಿ. ಮಕ್ಕಳ, ಬೆಕ್ಕು ನಾಯಿಗಳ ಬಾಯಿಗೆ ಸಿಗದಂತೆ ಇಡಿ.

ಹೋದ ವಾರ ತಂಗಿಗಾಗಿಯೇ ಮತ್ತೆ ಮೂರು ಕಡ್ಡಿ ತಂದೆ. ನಾಲ್ಕನೆಯ ದಿನ ಒಂದು ಕತ್ತು ಬಗ್ಗಿಸಿತು. ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಅಡುಗೆ ಮುಗಿಸಿ ಬಂದೆ. ಎತ್ತಿ ನೀರು ಕೊಡವಿದಾಗ ಎಸಳುಗಳು ಗಟ್ಟಿಯಾಗಿ ಬಿರಿದಿದ್ದವು. ಅವಳನ್ನು ಕೂಗಿ ಕರೆದು ತೋರಿಸಿದೆ.