ಕಮಂಡಲದ ಕತೆಯನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡಿದೆ

ನಮ್ಮ ಅಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕು. ಎರಡು ಮಾತಿಗೊಮ್ಮೆ ‘ಹೂಂ’ ಬರದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ‘ನಿದ್ದೆ ಬಂತಾ?’ ಎಂದು ಕೇಳಿ ದೀಪ ಆರಿಸಿಬಿಡುತ್ತಾರೆ. ಕಳೆದ ಮಳೆಗಾಲದಲ್ಲಿ, ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲಿ ಕುಳಿತು, ಅವರು ಹೇಳುವ ಕಾವೇರಿಯ ಕತೆಯನ್ನು ನಾಲ್ಕು ಬಗೆಯಲ್ಲಿ ಮೊಬೈಲಿಗೆ ತಂದೆ: ಧ್ವನಿಮುದ್ರಣ, ಕಿರು ವಿಡಿಯೊ, ಓದುವವರೇ ದಾರಿ ಆರಿಸುವ ಸಂವಾದಿ ಕತೆ, ಕೊನೆಗೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್. ಪರೀಕ್ಷೆಗೆ ಸಿಕ್ಕವರು ಸಂಜೆ ಮನೆಪಾಠಕ್ಕೆ ಬರುವ ಒಂಬತ್ತು ಮಕ್ಕಳು. ನಾನು ಎಲ್ಲದರಲ್ಲೂ ಹುಡುಕಿದ್ದು ಆ ‘ಹೂಂ’ ಎಲ್ಲಿ ಹೋಯಿತು ಎಂಬುದನ್ನು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಕವೇರ ಮುನಿಯ ಸಾಕುಮಗಳು ಲೋಪಾಮುದ್ರೆ (ಇವಳೇ ಕಾವೇರಿ) ಅಗಸ್ತ್ಯರನ್ನು ಮದುವೆಯಾಗಲು ಒಂದು ಷರತ್ತು ಹಾಕುತ್ತಾಳೆ: ಹೆಚ್ಚು ಹೊತ್ತು ಒಂಟಿಯಾಗಿ ಬಿಟ್ಟರೆ ನದಿಯಾಗಿ ಹರಿದುಹೋಗುತ್ತೇನೆ. ಒಂದು ದಿನ ಅಗಸ್ತ್ಯರು ಅವಳನ್ನು ಕಮಂಡಲದಲ್ಲಿ ನೀರಾಗಿ ಇರಿಸಿ, ಶಿಷ್ಯರನ್ನು ಕಾವಲಿಗೆ ಬಿಟ್ಟು, ಕನ್ನಿಕೆ ಹೊಳೆಗೆ ಸ್ನಾನಕ್ಕೆ ಹೋಗುತ್ತಾರೆ. ಇಲ್ಲಿಂದ ಕತೆ ಕವಲೊಡೆಯುತ್ತದೆ. ಕೆಲವರ ಬಾಯಲ್ಲಿ ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸುತ್ತಾನೆ. ಕೆಲವರ ಬಾಯಲ್ಲಿ ಕಾಗೆಯೇ ಇಲ್ಲ, ಕಾದು ಬೇಸತ್ತ ಕಾವೇರಿ ತಾನೇ ಉಕ್ಕಿ ಹೊರಡುತ್ತಾಳೆ. ಬಲಮುರಿಯಲ್ಲಿ (ನಮ್ಮ ಮೂರ್ನಾಡು ಕಡೆಯದು, ಶ್ರೀರಂಗಪಟ್ಟಣದ ಬಳಿಯದಲ್ಲ) ಜನ ಅಡ್ಡ ನಿಂತಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯುತ್ತದೆ. ಕೊಡವತಿಯರು ಇಂದಿಗೂ ನೆರಿಗೆಯನ್ನು ಬೆನ್ನ ಕಡೆಗೆ ಉಡುವುದು ಅದಕ್ಕೇ ಎನ್ನುತ್ತಾರೆ.

ಅಜ್ಜಿಗೆ ಎರಡೂ ಕವಲು ಗೊತ್ತು. ಎದುರಿಗೆ ಚಿಕ್ಕ ಮಕ್ಕಳಿದ್ದರೆ ಕಾಗೆ ಬರುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಕುಳಿತಿದ್ದರೆ ಕಾಗೆ ಬರುವುದಿಲ್ಲ. ಇದನ್ನು ನಾನು ಗಮನಿಸಿದ್ದೇ ರೆಕಾರ್ಡ್ ಮಾಡಲು ಕುಳಿತಾಗ. ‘ಯಾರಿಗೆ ಹೇಳಬೇಕು?’ ಎಂದು ಅವರು ಮೊಬೈಲನ್ನು ತೋರಿಸಿ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಮೊಬೈಲಿನ ಪಕ್ಕದಲ್ಲಿ ನಾನೇ ಕುಳಿತು ಹೂಂಗುಟ್ಟಿದೆ.

ಹನ್ನೆರಡು ನಿಮಿಷದ ಆ ಧ್ವನಿಮುದ್ರಣ ಒಂದೇ ಸಂಜೆಯಲ್ಲಿ ಮುಗಿಯಿತು. 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ 6 ಎಂಬಿಯೊಳಗೆ ಕೂರುತ್ತದೆ, ನೆಟ್‌ವರ್ಕ್ ಬಂದು ಹೋಗುವ ನಮ್ಮೂರಿನಲ್ಲೂ ತಲುಪುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಅಳಿಸಲು ಮೊದಲು ಹೆಣಗಿದೆ, ಆಮೇಲೆ ಹಾಗೇ ಬಿಟ್ಟೆ. ಆ ಸದ್ದಿನಲ್ಲಿ ಅಜ್ಜಿಯ ದನಿ ಇನ್ನಷ್ಟು ಹತ್ತಿರವಾಯಿತು. ತೊಂದರೆ ಬಂದದ್ದು ಕೇಳುವ ಕಡೆಯಿಂದ. ವಾಟ್ಸ್‌ಆ್ಯಪ್‌ನಲ್ಲಿ 2021ರಿಂದ ಧ್ವನಿಸಂದೇಶವನ್ನು ಎರಡು ಪಟ್ಟು ವೇಗದಲ್ಲಿ ಕೇಳಬಹುದು, ಮಕ್ಕಳು ಹಾಗೆಯೇ ಕೇಳಿದರು. ಕಮಂಡಲ ಉರುಳುವ ಮುನ್ನ ಅಜ್ಜಿ ಉಸಿರು ಬಿಗಿಹಿಡಿದು ಸುಮ್ಮನಾಗುವ ಮೂರು ಕ್ಷಣ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತಾಯಿತು. ಆದರೂ ದೊಡ್ಡವರು ಇದನ್ನೇ ಮತ್ತೆ ಮತ್ತೆ ಕೇಳಿದರು, ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾ, ಅಡುಗೆ ಮಾಡುತ್ತಾ. ನಾನು ಹೂಂಗುಟ್ಟಿದ್ದೂ ಅದರಲ್ಲಿದೆ. ಅದು ಇರುವುದಕ್ಕೇ ಕೇಳಲು ಚೆನ್ನಾಗಿದೆ ಎಂದು ಚಿಕ್ಕಮ್ಮ ಹೇಳಿದರು.

ಬಾಯಿಂದ ಬಂದದ್ದು ಬೇರೆ ಮಾಧ್ಯಮಕ್ಕೆ ಇಳಿಯುವುದು ಕೊಡಗಿಗೆ ಹೊಸದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚಿಗೆ ತಂದದ್ದು 1924ರಲ್ಲಿ. ಆ ಹಾಡುಗಳನ್ನು ನಾಲ್ವರು ದುಡಿ ಬಾರಿಸುತ್ತಾ ಹಾಡುತ್ತಾರೆ. ಇಬ್ಬರು ಸಾಲು ಎತ್ತಿದರೆ ಇನ್ನಿಬ್ಬರು ಅದನ್ನೇ ಮರಳಿ ಹೇಳುತ್ತಾರೆ. ಪುಸ್ತಕದಲ್ಲಿ ಸಾಲು ಉಳಿದಿದೆ, ಮರಳಿ ಹೇಳುವ ಆ ಇಬ್ಬರನ್ನು ಓದುವವರೇ ಹೊಂದಿಸಿಕೊಳ್ಳಬೇಕು.

ಕಿರು ವಿಡಿಯೊ ನನಗೆ ಅತಿ ಹೆಚ್ಚು ಬೇಸರ ತಂದ ಪ್ರಯೋಗ. ಎಂಬತ್ತು ಸೆಕೆಂಡಿನ ಲಂಬ ವಿಡಿಯೊಗೆ ಮೂರು ದಿನ ಹಿಡಿಯಿತು. ಮುನಿ, ತಪಸ್ಸು, ಮದುವೆ ಎಂದು ಶುರುಮಾಡಿದರೆ ನೋಡುವವರು ಮೊದಲ ಹತ್ತು ಸೆಕೆಂಡಿನಲ್ಲೇ ಜಾರಿಹೋಗುತ್ತಾರೆ, ಅದರ ರೇಖಾಚಿತ್ರವನ್ನು ಆ್ಯಪ್ ನಮ್ಮ ಕಣ್ಣಿಗೇ ಹಿಡಿಯುತ್ತದೆ. ಹಾಗಾಗಿ ಕಾಗೆಯನ್ನು ಮೊದಲಿಗೆ ತಂದೆ. ಷರತ್ತು ಬಿಟ್ಟುಹೋಯಿತು. ಷರತ್ತಿಲ್ಲದೆ ಕಾವೇರಿ ಹರಿದರೆ ಅದು ಬರೀ ಚೆಲ್ಲಿದ ನೀರು, ಮಾತಿಗೆ ತಪ್ಪಿದ ಗಂಡನನ್ನು ಬಿಟ್ಟು ಹೊರಟ ಹೆಣ್ಣಲ್ಲ. ಇದನ್ನು ನಾನು ಒಪ್ಪಲಾರೆ. ಯೂಟ್ಯೂಬ್ 2024ರ ಅಕ್ಟೋಬರ್‌ನಿಂದ ಶಾರ್ಟ್ಸ್‌ಗೆ ಮೂರು ನಿಮಿಷದವರೆಗೆ ಅವಕಾಶ ಕೊಟ್ಟಿದೆ, ಆದರೆ ಕೊರತೆ ನಿಮಿಷದ್ದಲ್ಲ. ಒಂದು ಮಾತ್ರ ಹೇಳಲೇಬೇಕು. ಪಕ್ಕದ ಮನೆಯ ಅಕ್ಕ ಸೀರೆ ಉಟ್ಟು ಕ್ಯಾಮೆರಾಗೆ ಬೆನ್ನು ತಿರುಗಿಸಿ ನಿಂತ ಎರಡು ಸೆಕೆಂಡಿನ ದೃಶ್ಯ, ಆ ಹಿಂದಿನ ನೆರಿಗೆ, ಬಲಮುರಿಯ ಪ್ರಸಂಗವನ್ನು ಯಾವ ಮಾತಿಗಿಂತಲೂ ಚೆನ್ನಾಗಿ ಹೇಳಿತು. ಮಕ್ಕಳು ‘ಓ!’ ಎಂದರು.

ಸಂವಾದಿ ಕತೆಗೆ ಬಳಸಿದ್ದು ಟ್ವೈನ್ ಎಂಬ ಉಚಿತ, ಮುಕ್ತ ತಂತ್ರಾಂಶ. ಕ್ರಿಸ್ ಕ್ಲೈಮಸ್ ಇದನ್ನು ಹೊರತಂದದ್ದು 2009ರಲ್ಲಿ. ಚಿಕ್ಕ ಚಿಕ್ಕ ಪುಟಗಳನ್ನು ಬರೆದು, ಜೋಡಿ ಚೌಕ ಆವರಣದೊಳಗೆ ಮುಂದಿನ ಪುಟದ ಹೆಸರು ಹಾಕಿದರೆ ಕೊಂಡಿ ಬೀಳುತ್ತದೆ. ಪರದೆಯ ಮೇಲೆ ಪುಟಗಳೆಲ್ಲ ಬಾಣದ ಗೆರೆಗಳಲ್ಲಿ ಹೆಣೆದುಕೊಂಡು ಹೊಳೆ, ತೋಡುಗಳ ನಕ್ಷೆಯಂತೆ ಕಾಣುತ್ತವೆ. ಮುಗಿದ ಕತೆ ಒಂದೇ ಎಚ್‌ಟಿಎಂಎಲ್ ಕಡತ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗಿಂತ ಚಿಕ್ಕದು, ಇಂಟರ್ನೆಟ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ. ಮೂರು ದಿನ ಕರೆಂಟ್ ಇಲ್ಲದ ವಾರದಲ್ಲೂ ಇದು ನಡೆಯಿತು.

ಮೊದಲ ಆವೃತ್ತಿ ಪೂರ್ತಿ ಸೋತಿತು. ಪುಟಪುಟಕ್ಕೂ ಎರಡು ಆಯ್ಕೆ ಇಟ್ಟಿದ್ದೆ. ಹತ್ತು ಸಲ ಎರಡೆರಡಾಗಿ ಕವಲೊಡೆದರೆ 1,024 ಕೊನೆಗಳು ಬೇಕಾಗುತ್ತವೆ, ಯಾರು ಬರೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಮಕ್ಕಳು ಓದುವುದನ್ನು ಬಿಟ್ಟು ಒತ್ತುವುದನ್ನೇ ಮಾಡಿದರು. ಎರಡನೆಯ ಸಲ ನಿಜವಾದ ಆಯ್ಕೆಗಳನ್ನು ಎರಡಕ್ಕೆ ಇಳಿಸಿದೆ. ಓದುವವರೇ ಕಮಂಡಲ ಕಾಯುವ ಶಿಷ್ಯ: ಕಾಗೆಯನ್ನು ಓಡಿಸಲು ಏಳುತ್ತೀಯಾ, ಕಮಂಡಲದ ಪಕ್ಕದಲ್ಲೇ ಕೂರುತ್ತೀಯಾ? ಎದ್ದರೆ ಕಮಂಡಲ ಉರುಳುತ್ತದೆ. ಕೂತರೆ ಒಳಗಿನಿಂದ ನೀರು ತಾನೇ ಏಳುತ್ತದೆ. ಎರಡು ದಾರಿಯೂ ಭಾಗಮಂಡಲದಲ್ಲಿ ಕೂಡುತ್ತವೆ, ಕಾವೇರಿ ಕನ್ನಿಕೆಯರು ಕೂಡುವ ಹಾಗೆ. ಮಿಕ್ಕ ಪುಟಗಳಲ್ಲಿ ‘ಮುಂದೆ’ ಎಂಬ ಗುಂಡಿಯ ಜಾಗದಲ್ಲಿ ‘ಹೂಂ’ ಎಂದು ಬರೆದೆ.

ಇಷ್ಟೇ ಬದಲಾವಣೆ. ಮಕ್ಕಳು ಒತ್ತುವಾಗ ಬಾಯಲ್ಲೂ ‘ಹೂಂ’ ಎನ್ನತೊಡಗಿದರು. ಒಬ್ಬಳು ಹುಡುಗಿ ಎರಡೂ ದಾರಿ ಓದಿ ಬಂದು, ‘ಕೂತರೂ ಹೋಗುತ್ತಾಳಲ್ಲ, ಹಾಗಾದರೆ ಶಿಷ್ಯನ ತಪ್ಪಲ್ಲ, ಅಗಸ್ತ್ಯರದ್ದೇ ತಪ್ಪು’ ಎಂದಳು. ಇಷ್ಟು ವರ್ಷ ಕತೆ ಕೇಳಿದ ನನಗೆ ಇದು ಹೊಳೆದಿರಲಿಲ್ಲ. ಎರಡು ಕವಲನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ಈ ಶಕ್ತಿ ಬೇರೆ ಯಾವ ಮಾಧ್ಯಮದಲ್ಲೂ ನನಗೆ ಕಾಣಲಿಲ್ಲ.

ಚಾಟ್‌ಬಾಟ್ ವಿಷಯ ಬೇಗ ಮುಗಿಯುತ್ತದೆ. ಕನ್ನಡ ಚೆನ್ನಾಗಿಯೇ ಬರೆಯಿತು, ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಕೊಟ್ಟಿತು. ‘ಕಾವೇರಿ ಹರಿಯಲೇ ಇಲ್ಲ ಎಂದು ಮಾಡು’ ಎಂದು ಅಣ್ಣನ ಮಗ ಕೇಳಿದ, ಹಾಗೆಯೇ ಮಾಡಿಕೊಟ್ಟಿತು. ಅದೇ ಮಾತನ್ನು ಅಜ್ಜಿಯ ಮುಂದೆ ಹೇಳಿದಾಗ ಅವರು ಕಿಟಕಿಯ ಕಡೆ ಕೈ ತೋರಿಸಿ, ‘ಹಾಗಾದರೆ ಅದೇನು ಸದ್ದು?’ ಎಂದರು. ಹೊರಗೆ ಹೊಳೆ ಗದ್ದೆಗೆ ನುಗ್ಗುತ್ತಿತ್ತು. ಚಾಟ್‌ಬಾಟ್‌ನಲ್ಲಿ ಹೂಂಗುಟ್ಟುವ ಕೆಲಸವನ್ನು ಕತೆಗಾರನೇ ಮಾಡುತ್ತಾನೆ, ಎದುರು ನಿಲ್ಲುವ ಕತೆಯೇ ಇರುವುದಿಲ್ಲ.

ಮನೆಯ ಹಿರಿಯರ ಕತೆ ಉಳಿಸಬೇಕು ಎನ್ನುವವರು ಇವತ್ತೇ ರೆಕಾರ್ಡ್ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಹೂಂಗುಟ್ಟಲು ಕೂರಿಸಿ. ಮೂರು ವಾರದ ರಾತ್ರಿಗಳು ಕೈಯಲ್ಲಿದ್ದರೆ, ಒಂದೇ ಕತೆಯ ಎರಡು ಕವಲು ಗೊತ್ತಿದ್ದರೆ, ಟ್ವೈನ್ ಹಿಡಿಯಿರಿ. ವಿಡಿಯೊವನ್ನು ಕಣ್ಣಿಂದಲೇ ಹೇಳಬೇಕಾದ ಒಂದು ಸಂಗತಿಗೆ ಇಟ್ಟುಕೊಳ್ಳಿ.

ನಮ್ಮ ಕಡತದಲ್ಲಿ ಈಗ 35 ಪುಟಗಳಿವೆ. 34 ನನ್ನವು. ಕೊನೆಯದನ್ನು ಆ ಹುಡುಗಿ ನಮ್ಮ ಕಡೆಯ ಆಡುಮಾತಾದ ಅರೆಭಾಷೆಯಲ್ಲಿ ಬರೆದು ಸೇರಿಸಿದ್ದಾಳೆ, ಸ್ನಾನ ಮುಗಿಸಿ ಬಂದ ಅಗಸ್ತ್ಯರು ಖಾಲಿ ಕಮಂಡಲದೊಳಗೆ ಇಣುಕುವ ಪುಟ. ಅದರಲ್ಲಿ ಒತ್ತಲು ಗುಂಡಿ ಇಲ್ಲ.